ಬೈರಣ್ಣನ ಗಂಟಲಿಗೆ ಕಪ್ಪು ಪೊರೆ

ಕಲ್ಯಾಣದುರ್ಗದ ಬೈರಣ್ಣ ಶನಿವಾರದ ಭಜನೆಯಲ್ಲಿ ದನಿಯೆತ್ತಿದರೆ ಬೀದಿಯ ಕೊನೆಯ ಮನೆಯವರೂ ತಾಳ ಹಾಕುತ್ತಿದ್ದರು. ಗಂಟಲಿನ ಆಪರೇಷನ್ ಆದಮೇಲೆ ಆ ದನಿ ಪಿಸುಮಾತಿಗೆ ಇಳಿದಿತ್ತು. ಏನು ಹೇಳಿದರೂ ಹೆಂಡತಿ ಬೀರಕ್ಕ ಓಡಿ ಬಂದು ತುಟಿಗೆ ಕಿವಿಯೊಡ್ಡಬೇಕು. ಬರಬರುತ್ತ ಅವನು ಮಾತನ್ನೇ ಬಿಟ್ಟ. ಗಂಡ ಎದುರಿಗೇ ಕೂತಿದ್ದಾನೆ, ಮನೆ ಮಾತ್ರ ಮೂಕವಾಗಿದೆ. ಬೀರಕ್ಕನನ್ನು ಸುಡುತ್ತಿದ್ದದ್ದು ಅದು.

ಅವಳ ಅಣ್ಣನ ಮಗಳು ಅಮೃತಾ ಹಿಂದೂಪುರದ ಕಾಲೇಜೊಂದರ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಬಂದಳು. ಒಳಗೆ ಈರುಳ್ಳಿ ಪೊರೆಯಷ್ಟು ತೆಳುವಾದ ಕಪ್ಪು ಫಿಲ್ಮು.

"ಮಾವನ ಗಂಟ್ಲು ಇನ್ನೂ ಅದುರ್ತೈತೆ ಅತ್ತೆ, ಹೊರಕ್ಕೆ ಕೇಳ್ಸಾಕಿಲ್ಲ ಅಷ್ಟೆ. ಆ ಅದುರಾಟಾನ ಇದು ಹಿಡ್ದು ಕರೆಂಟಲ್ಲಿ ಸ್ಪೀಕರಿಗೆ ಕಳಿಸ್ತೈತೆ."

ಅವಳು ಕೈಕಾಲು ತೊಳೆದು ಬರುವಷ್ಟರಲ್ಲಿ ಬೀರಕ್ಕ ಡಬ್ಬಿಯನ್ನು ದೇವರ ಮುಂದಿಟ್ಟು ಕೈಮುಗಿದಿದ್ದಳು. ಆಮೇಲೆ ಫಿಲ್ಮನ್ನು ಗಂಟಲಿಗೆ ಅಂಟಿಸಿ ತಂತಿ ಸೇರಿಸಿದರೆ ಸ್ಪೀಕರು ಬರ್ರೆಂದು ಅರಚಿತು. ಬೈರಣ್ಣ ಮುಖ ತಿರುಗಿಸಿಕೊಂಡ. ಅಮೃತಾ ಫಿಲ್ಮು ಬಿಡಿಸಿ ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಹಳದಿ ಕಲೆ.

"ಅತ್ತೆ, ಇದಕ್ಕೆ ಪೂಜೆ ಮಾಡಿದ್ಯಾ?"

"ಹೊಸ ವಸ್ತು ಕಣಮ್ಮ. ಅರಿಶಿನದ ನೀರು ಮುಟ್ಟಿಸ್ದೆ ಹಂಗೇ ಇಕ್ಕಾಕಾಯ್ತದಾ? ಅಯ್ಯೋ ದೇವುಡಾ, ನಾನೇ ಕೆಡಿಸ್ಬುಟ್ನಾ?"

ಅಮೃತಾ ನಕ್ಕುಬಿಟ್ಟಳು. "ನೀನು ನೀರು ಹಾಕ್ದಿದ್ರೂ ನಾಳೆ ಮಾವನ ಬೆವರೇ ಕೆಡಿಸ್ತಿತ್ತು. ಏಸಿ ರೂಮಲ್ಲಿ ಕೂತು ಮಾಡಿದ ನಂಗೆ ಬೆವರು ಗ್ಯಾಪ್ಕಾನೇ ಬರ್ಲಿಲ್ಲ, ನೋಡು! ನಡಿ, ನೀನೂ ಬಾ ಹಿಂದೂಪುರಕ್ಕೆ."

ಲ್ಯಾಬಿನ ಬಾಗಿಲಲ್ಲಿ ಬೀರಕ್ಕ ಯಾರೂ ಹೇಳದೆಯೇ ಚಪ್ಪಲಿ ಬಿಟ್ಟಳು. ಕಾಡಿಗೆಯಂಥ ಪುಡಿಯನ್ನು ಅಮೃತಾ ತೋರಿಸಿದಳು. ಅದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ಕೊಳವೆಗಳು ಇವೆಯಂತೆ. ಒಂದನ್ನೊಂದು ತಾಗಿಕೊಂಡು ಕರೆಂಟು ದಾಟಿಸುತ್ತವಂತೆ. ಜೇನಿನಂತೆ ಮಂದವಾದ ಪಾಲಿಮರಿನಲ್ಲಿ ಅದನ್ನು ಗಂಟಿಲ್ಲದೆ ಕದಡಿ, ಗಾಜಿನ ಮೇಲೆ ಸುರಿದು ಸವರಿ, ಬಿಸಿಯಲ್ಲಿ ಒಣಗಿಸಿದಳು. ಉಸಿರು ಬಿಗಿಹಿಡಿದು ಬಿಡಿಸುವಾಗ ಪೊರೆ ಹರಿಯಿತು. ಅವಳು ಬೇಸರಿಸಲಿಲ್ಲ, ಮತ್ತೆ ಪುಡಿ ತೂಗಿದಳು. ಅದೂ ಹರಿಯಿತು. ಮತ್ತೆ ತೂಗಿದಳು. ನಸುಕಿನಲ್ಲೆದ್ದು ಜಪ ಮಾಡುವವರನ್ನು ಬೀರಕ್ಕ ಕಂಡಿದ್ದಳು. ಅವರ ಮುಖದಲ್ಲಿದ್ದ ಶಾಂತಿ ಈ ಹುಡುಗಿಯ ಬೆರಳುಗಳಲ್ಲಿತ್ತು.

ಕೊನೆಗೆ ಇಡಿಯಾಗಿ ಬಂದ ಪೊರೆಯ ಎರಡೂ ಬದಿಗೆ ನೀರು ಇಳಿಯದಂತೆ ತಿಳಿ ಪಾಲಿಮರಿನ ಹೊದಿಕೆ ಬಿತ್ತು. ಅದಕ್ಕೆ ತಂತಿ ಸೇರಿಸಿ ಎಳೆದರೆ ಕಂಪ್ಯೂಟರಿನ ಗೆರೆ ಏರಿತು, ಬಿಟ್ಟರೆ ಇಳಿಯಿತು. ಅಮೃತಾ ಅದರ ಮೇಲೆ ನೀರು ಹೊಯ್ದಳು. ಗೆರೆ ಅಲುಗಲಿಲ್ಲ. ಬೀರಕ್ಕ ಕೈಮುಗಿದಳು.

"ನಂಗ್ಯಾಕೆ ಮುಗೀತೀಯತ್ತೆ?"

"ನಿಂಗಲ್ಲ ಕಣಮ್ಮ, ನಿನ್ ಕೈಗೆ."

ಕಲ್ಯಾಣದುರ್ಗಕ್ಕೆ ಮರಳಿದ ಮೇಲೆ ಮತ್ತೊಮ್ಮೆ ಆ ಅರಚಾಟ ಕೇಳುವ ಧೈರ್ಯ ಅವಳಿಗಾಗಲಿಲ್ಲ. ಅಮೃತಾ ಪಡಸಾಲೆಯಲ್ಲಿ ತಂತಿ ಬಿಡಿಸುತ್ತಿದ್ದಂತೆ ಇವಳು ಒಳಗೆ ಹೋಗಿ ಪಾತ್ರೆ ತಿಕ್ಕಲು ಕೂತಳು. ಮನಸ್ಸೆಲ್ಲ ದೇವರಲ್ಲಿ, ಕೈ ಬೂದಿಯಲ್ಲಿ.

"ಬೀರಾ, ಹುಡ್ಗೀಗೆ ಕಾಫಿ ಕೊಟ್ಯಾ?"

"ಇಕ್ಕಿವ್ನಿ ತಡಿಯಪ್ಪ, ಏನವಸ್ರ!" ಕೂತಲ್ಲಿಂದಲೇ ರೇಗಿದಳು.

ಪಡಸಾಲೆಯಲ್ಲಿ ಅಮೃತಾ ಗೊಳ್ಳೆಂದು ನಕ್ಕಳು. ಕರೆದ ದನಿ ಯಾರದೆಂದು ಆಗ ಹೊಳೆದು ಬೀರಕ್ಕನ ಕೈ ಪಾತ್ರೆಯ ಮೇಲೆ ನಿಂತಿತು.