ಎಮ್ಮೆಬಂಡೆಯ ಆಚೆ ಬದಿ

ಷೂ ಲೇಸಿನ ಗಂಟು ಏನು ಮಾಡಿದರೂ ಬಿಚ್ಚಲೊಲ್ಲದು. ಅಂಚೆಯಕ್ಕ ಮೆಟ್ಟಿಲ ಮೇಲೆ ಕೂತು ಉಗುರಿನಿಂದ ಎಳೆದಳು, ಕೊನೆಗೆ ಹಲ್ಲು ಹಚ್ಚಿದಳು. ಬಾಯಿಗೆ ಕಮರಿಯ ಕೆಂಪು ಮಣ್ಣು ಬಂತು. ಗಂಟಿನ ಸಂದಿಯಲ್ಲಿ ಒಂದು ಎಳೆ ನೀಲಿ ನೂಲು ಸಿಕ್ಕಿಕೊಂಡಿತ್ತು.

ಷೂ ಟೈಲರಮ್ಮನದು. ಒಳಗೆ ಅವಳನ್ನು ಅವಳ ಹೊಲಿಗೆ ಕೋಣೆಯಲ್ಲೇ ಮಲಗಿಸಿದ್ದರು. ನಿನ್ನೆ ಮಧ್ಯಾಹ್ನ ಶಾಲೆಯ ಯೂನಿಫಾರಂಗೆ ಕಾಲರ್ ಕೂರಿಸುತ್ತಿದ್ದವಳು ಮಿಷನ್ನಿನ ಮೇಲೆ ಹಾಗೇ ತಲೆಯಿಟ್ಟಳಂತೆ. ಮಿಷನ್ನಿನ ಸೂಜಿ ಇನ್ನೂ ಆ ನೀಲಿ ಬಟ್ಟೆಯನ್ನು ಕಚ್ಚಿಕೊಂಡೇ ನಿಂತಿತ್ತು.

"ಷೂ ಹಾಕಿ ಕಳಿಸ್ತಾರೇನಮ್ಮಾ ಯಾರಾದ್ರೂ? ನೋಡಿದವರು ಏನಂದಾರು?" ಎಂದ ಟೈಲರಮ್ಮನ ಅಣ್ಣ.

"ಅನ್ನೋರು ಮೂವತ್ತು ವರ್ಷದಿಂದ ಅಂತಾನೇ ಇದ್ದಾರಲ್ಲ ಮಾವ," ಎಂದಳು ಹೋದ ವಾರವಷ್ಟೇ ತವರಿಗೆ ಬಂದಿದ್ದ ಮಗಳು. "ಷೂ ಇಲ್ಲದೆ ಅಮ್ಮ ಬೀದಿಗೆ ಇಳಿದವಳಲ್ಲ."

"ಹಾಕ್ಬೇಡ್ರೇ, ಎದ್ದು ಓಡಿಬಿಟ್ಟಾಳು," ಎಂದಳು ಪಕ್ಕದ ಮನೆಯವಳು. ಯಾರೋ ಕಿಸಕ್ಕೆಂದು ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು.

ಅಂಚೆಯಕ್ಕ ನಗಲಿಲ್ಲ. ಗಂಟು ಸಡಿಲಾಯಿತು. ಷೂ ಹಿಡಿದು ಒಳಗೆ ಹೋದಳು. ಮಿಷನ್ನಿನ ಕಾಲು, ಕುರ್ಚಿಯ ಕಾಲು, ಕಿಟಕಿಯ ಸರಳು, ಎಲ್ಲಕ್ಕೂ ಬಣ್ಣಬಣ್ಣದ ನೂಲು ಸುತ್ತಿತ್ತು. ಟೈಲರಮ್ಮ ಸುಮ್ಮನೆ ಕೂರುವ ಜೀವವೇ ಅಲ್ಲ. ಕೂತಳೆಂದರೆ ಮೈಮೇಲೆ ಅಂಟಿದ ನೂಲಿನ ತುಂಡುಗಳನ್ನು ಕಿತ್ತು, ಕೈಗೆಟುಕಿದ್ದಕ್ಕೆ ಸುತ್ತಿ ಗಂಟು ಹಾಕುವಳು.

ಷೂ ತೊಡಿಸುವಾಗ ಆ ಪಾದಗಳು ತಣ್ಣಗಿದ್ದವು. ಹಿಮ್ಮಡಿಯಲ್ಲಿ ಹಳೆಯ ಬೊಬ್ಬೆಯ ಗುರುತು. 'ನನ್ನ ಕೊನೇ ಮಾತು ಮನಸ್ಸಲ್ಲಿಟ್ಟುಕೊಂಡೇ ಹೋದೆಯೇನೇ?' ಎಂದು ಅಂಚೆಯಕ್ಕ ಕೇಳಿಕೊಂಡಳು. ಯಾರಿಗೂ ಕೇಳಿಸಲಿಲ್ಲ.

*

ಜೊತೆಗೆ ಓಡುತ್ತಿದ್ದರು ಎಂದೇ ಊರವರು ಹೇಳುತ್ತಿದ್ದರು. ನಿಜವೆಂದರೆ ಒಂದು ದಿನವೂ ಜೊತೆಗೆ ಓಡಿದವರಲ್ಲ.

"ಜೊತೇಲಿ ಓಡಿದ್ರೆ ಮಾತಾಡ್ತೀವಿ. ಮಾತಾಡಿದ್ರೆ ನಡೀತೀವಿ. ನಡೆಯೋದಕ್ಕೆ ಇಷ್ಟು ಬೇಗ ಯಾಕೆ ಏಳಬೇಕು?" ಎಂದಿದ್ದಳು ಟೈಲರಮ್ಮ, ಮೊದಲ ದಿನವೇ. ಕಮರಿಯ ಬಾಯಲ್ಲಿ ಒಂದು ಕಬ್ಬಿಣದ ಗೇಟು. ಅಲ್ಲಿಂದ ಬಲಕ್ಕೆ ಅವಳು, ಎಡಕ್ಕೆ ಅಂಚೆಯಕ್ಕ. ಕಮರಿಯ ಇಡೀ ಸುತ್ತಿಗೆ ಒಂದೇ ಭೇಟಿ, ನಟ್ಟನಡುವೆ, ಎಮ್ಮೆ ಮಲಗಿದಂತಿದ್ದ ಬಂಡೆಯ ಬಳಿ. ನಿಲ್ಲುವಂತಿಲ್ಲ. ಕೈಗೆ ಕೈ ತಟ್ಟಿ ಒಂದೇ ಮಾತು ಆಡಬೇಕು. ಹಿಂದೆ ತಿರುಗಿ ನೋಡುವಂತಿಲ್ಲ, ಎಡವಿ ಬೀಳುತ್ತೇವೆ.

ಬೇಸಗೆಯಲ್ಲಿ ಧೂಳು ಮೂಗಿಗೆ ಅಡರುತ್ತಿತ್ತು. ಮಳೆಗಾಲದಲ್ಲಿ ಹಳ್ಳ ಮೊಣಕಾಲಿಗೆ ಬರುತ್ತಿತ್ತು. ಚಳಿಯಲ್ಲಿ ಮಂಜಿನೊಳಗಿಂದ ಮೊದಲು ಹೆಜ್ಜೆಯ ಸದ್ದು, ಆಮೇಲೆ ಮುಖ. ಆ ಒಂದೊಂದು ಮಾತಿನಲ್ಲೇ ಎರಡು ಸಂಸಾರಗಳು ನಡೆದುಹೋದವು. "ಮಗಳು ಪಾಸು." "ಅತ್ತೆ ಮತ್ತೆ ಮಾತು ಬಿಟ್ಟರು, ಪುಣ್ಯ!" ಎಲೆ ಉದುರುವ ಕಾಲದಲ್ಲೊಮ್ಮೆ ಹನ್ನೆರಡು ದಿನ ಕಾಣದಿದ್ದ ಟೈಲರಮ್ಮ ಎದುರು ಬಂದು, "ಇನ್ನು ಒಬ್ಬಳಿಗೇ ಅಡುಗೆ ಕಣೇ," ಎಂದು ಕೈ ತಟ್ಟಿ ಓಡಿದ್ದಳು. ಅವತ್ತು ತಿರುಗಿ ನೋಡದಿರಲು ಅಂಚೆಯಕ್ಕ ಹಲ್ಲು ಕಚ್ಚಿದ್ದಳು.

ಹತ್ತು ವರ್ಷದ ಕೆಳಗೆ ಅಂಚೆಯಕ್ಕನ ಮೊಣಕಾಲು ಕೈಕೊಟ್ಟಿತ್ತು. ಆರು ತಿಂಗಳ ಮೇಲೆ ಅಳುಕುತ್ತಲೇ ಓಡಲು ಬಂದರೆ, ಭೇಟಿಯಾದದ್ದು ಅದೇ ಎಮ್ಮೆಬಂಡೆಯ ಬಳಿ! ಒಂದು ಮಾರೂ ಆಚೀಚೆ ಇಲ್ಲ. 'ಪರವಾಗಿಲ್ಲ, ಕಾಲಲ್ಲಿ ಇನ್ನೂ ಕಸುವಿದೆ,' ಎಂದು ಬೀಗಿದ್ದಳು.

ಎರಡು ವರ್ಷದ ಕೆಳಗೆ ಟೈಲರಮ್ಮ ಜ್ವರ ಬಂದು ಎದ್ದಳು. ಪಾಪ, ನಿಧಾನವಾದಳೆಂದು ತಿಳಿದರೆ ನೊಂದಾಳು ಎಂದುಕೊಂಡ ಅಂಚೆಯಕ್ಕ ಅಂದಿನಿಂದ ಬಂಡೆಯ ಈಚೆ ತಿರುವಿನಲ್ಲಿ ಅವಿತು ಕಾಯತೊಡಗಿದಳು. ಎಮ್ಮೆಯ ಬೆನ್ನಿಗೆ ಬಿಸಿಲು ಬಿದ್ದ ಕೂಡಲೇ ಎದ್ದು ಓಡುವಳು. ಅಷ್ಟರಲ್ಲಿ ಎದುರಿಗೆ ಅವಳು ಬಂದಿರುತ್ತಿದ್ದಳು. ಬಿಸಿಲೇ ಬಾರದ ಮಳೆಯ ದಿನಗಳಲ್ಲಿ ಮಾತ್ರ ಬಹಳ ಹೊತ್ತು ಕಾಯಬೇಕಾಗುತ್ತಿತ್ತು. ಕಾದು ಕಾದು ಬೇಸತ್ತು ಹೊರಟರೆ, ಸರಿಯಾಗಿ ಅದೇ ಗಳಿಗೆಗೆ ಅವಳೂ ಕಾಣುವಳು. ಎಷ್ಟು ನಿಧಾನವಾಗಿಬಿಟ್ಟಳಪ್ಪಾ ಎಂದು ಅಂಚೆಯಕ್ಕ ಮರುಗುತ್ತಿದ್ದಳು.

ಮೊನ್ನೆ ಸೋಮವಾರ ಬಂಡೆಯ ಬಳಿ ಟೈಲರಮ್ಮ, "ಏನೇ ಇದು, ಹಳೇ ಬಸ್ಸಿನ ಹಾಗೆ ಏದುಸಿರು!" ಎಂದು ಛೇಡಿಸಿದಳು. ಅಂಚೆಯಕ್ಕನಿಗೆ ಉರಿದುಹೋಯಿತು.

"ನಂದಾ? ಎರಡು ವರ್ಷದಿಂದ ನಿನಗೋಸ್ಕರ ದಿನಾ ಕೂತು ಕಾಯ್ತಿದ್ದೀನಿ. ಇಲ್ಲದಿದ್ರೆ ನೀನು ಹಳ್ಳ ದಾಟೋದ್ರೊಳಗೆ ನಾನು ಮನೆ ಸೇರಿರ್ತಿದ್ದೆ!"

ಟೈಲರಮ್ಮ ಅಂದೇ ಮೊದಲ ಸಲ ನಿಂತಳು. "ಹೌದಾ?" ಎಂದಷ್ಟೇ ಹೇಳಿ ಓಡಿದಳು.

ಮಂಗಳವಾರ, ಬುಧವಾರ ಅಂಚೆಯಕ್ಕ ಮುಖ ತೋರಿಸಲಾರದೆ ಮನೆಯಲ್ಲೇ ಉಳಿದಳು. ಗುರುವಾರ ಹೋಗಿ ಕ್ಷಮೆ ಕೇಳಬೇಕು ಎಂದುಕೊಂಡಿದ್ದಳು. ಬುಧವಾರ ಮಧ್ಯಾಹ್ನವೇ ಸುದ್ದಿ ಬಂತು.

*

ಷೂ ಸಮೇತವೇ ಹೊತ್ತುಕೊಂಡು ಹೋದರು. ಎಲ್ಲ ಮುಗಿಸಿ ಬಂದ ಮೇಲೆ ಮಗಳು ಹಿತ್ತಲ ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದಳು. ಅಂಚೆಯಕ್ಕ ಪಕ್ಕದಲ್ಲಿ ನಿಂತಳು.

"ಅಮ್ಮ ನನ್ನ ವಿಷಯ ಏನಾದ್ರೂ ಅಂದ್ಲಾ? ಬೇಜಾರಾಗಿದ್ಲಾ?"

"ಬೇಜಾರಾ? ಸೋಮವಾರ ಬಂದವಳೇ ಬಾಗಿಲಿಗೆ ಒರಗಿಕೊಂಡು ನಗ್ತಾ ಇದ್ಲು ಚಿಕ್ಕಮ್ಮ. ಕಣ್ಣಲ್ಲಿ ನೀರು ಬರೋ ಹಾಗೆ. ಯಾಕೇಂತ ಕೇಳಿದ್ರೆ ಹೇಳಲಿಲ್ಲ. 'ಅಂಚೆಯವಳಿಗೆ ಕಮರೀಲಿ ಒಂದು ತೋರಿಸಬೇಕು. ಒಂದು ದಿನ ಅವಳು ನನ್ನ ಕಡೆಯಿಂದ ಬರಬೇಕು' ಅಂದ್ಲು."

"ಆಮೇಲೆ?"

"ಮಾರನೇ ದಿನಾನೂ ಹೋದ್ಲು, ನಿನ್ನೆನೂ ಹೋದ್ಲು." ಮಗಳು ನಲ್ಲಿ ನಿಲ್ಲಿಸಿದಳು. "ಎರಡು ದಿನಾನೂ ತುಂಬಾ ಲೇಟಾಗಿ ಬಂದ್ಲು. ಆಗ ಮಾತ್ರ ನಗ್ತಿರಲಿಲ್ಲ."

ಅಂಚೆಯಕ್ಕ ಕಮರಿಯ ಗೇಟಿನ ಕಡೆ ನಡೆದಳು.

ಸಂಜೆಯ ಇಳಿಬಿಸಿಲು. ಮೂವತ್ತು ವರ್ಷದಲ್ಲಿ ಮೊದಲ ಸಲ ಗೇಟಿನಿಂದ ಬಲಕ್ಕೆ ತಿರುಗಿದಳು. ದಿನವೂ ಓಡಿದ ದಾರಿಯೇ, ಆದರೆ ಎದುರಿನಿಂದ ನೋಡಿದರೆ ಯಾವ ಮರದ ಗುರುತೂ ಹತ್ತಲಿಲ್ಲ. ಹಳ್ಳ ದಾಟಿದಳು, ಏರು ಹತ್ತಿದಳು. ಎಮ್ಮೆಬಂಡೆಗೆ ಇನ್ನೇನು ಕೂಗಳತೆ ಎನ್ನುವಾಗ, ದಿನವೂ ತನಗೆ ಬೆನ್ನಷ್ಟೇ ತೋರಿಸುತ್ತಿದ್ದ ದೊಡ್ಡ ಗುಂಡುಕಲ್ಲಿನ ಈ ಬದಿ ಕಂಡಿತು. ಅಲ್ಲೊಂದು ಪೊಟರೆ. ಒಳಗೆ ಕೂತು ಕೂತು ನುಣುಪಾದ ಚಪ್ಪಡಿ ಕಲ್ಲು. ಅಲ್ಲಿಂದ ಕತ್ತು ಚಾಚಿದರೆ ಎಮ್ಮೆಯ ಬೆನ್ನು ನೇರ ಕಾಣುತ್ತಿತ್ತು.

ಅಂಚೆಯಕ್ಕ ಕೂತಳು. ಕೈಗೆಟುಕುವಲ್ಲೇ ಒಂದು ಕುರುಚಲು ಗಿಡ. ಅದರ ಕೊಂಬೆಗಳ ತುಂಬ ನೂಲು. ಬುಡದ ಎಳೆಗಳು ಬಿಸಿಲಿಗೆ ಬಿಳಿಚಿ, ಮೇಲೆ ತೊಗಟೆ ಬೆಳೆದು ಕಾಂಡದೊಳಗೆ ಹುದುಗಿಹೋಗಿದ್ದವು. ಮೇಲಕ್ಕೆ ಹೋದಂತೆ ಮಾಸಿದ ಹಳದಿ, ಹಸಿರು, ಕೆಂಪು. ತುದಿಯ ಒಂದು ರೆಂಬೆಗೆ ಮಾತ್ರ ಹೊಚ್ಚಹೊಸ ನೀಲಿ ನೂಲು, ಸುತ್ತಿನ ಮೇಲೆ ಸುತ್ತು, ಬೆರಳಿನಷ್ಟು ದಪ್ಪಕ್ಕೆ, ಚಿಗುರೂ ಕಾಣದ ಹಾಗೆ.