ಕೊಡೆಬಟ್ಟೆ ಫ್ರಾಕಿನ ಹೊಟ್ಟೆಕಿಚ್ಚು

ನಾನು ಒಂದು ಫ್ರಾಕು. ಹಾಗೆಂದ ಕೂಡಲೇ ಹುಟ್ಟುಹಬ್ಬದ ಫ್ರಾಕು, ಜರಿ ಅಂಚಿನ ಫ್ರಾಕು ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ, ಆಮೇಲೆ ನಿಮಗೇ ಬೇಜಾರಾಗುತ್ತದೆ. ನಾನು ವಾಟರ್ ಪಾರ್ಕಿನಲ್ಲಿ ನೀರಿಗಿಳಿಯಲು ಹೊಲಿದ ಫ್ರಾಕು, ಅದೂ ಕೊಡೆಯ ಬಟ್ಟೆಯಲ್ಲಿ. ನೇರಳೆ ಬಣ್ಣ, ಮೈತುಂಬ ಬಿಳಿ ಚುಕ್ಕೆ. ನನ್ನ ಸ್ವಭಾವವನ್ನೂ ಮೊದಲೇ ಹೇಳಿಬಿಡುತ್ತೇನೆ. ನನಗೆ ಹೊಟ್ಟೆಕಿಚ್ಚು ಜಾಸ್ತಿ. ಅದು ಹುಟ್ಟಿದ ದಿನವೇ ಬಂದದ್ದು, ಮತ್ತು ಅದಕ್ಕೆ ಕಾರಣವೂ ಇತ್ತು.

ನಾನು ಹುಟ್ಟಿದ್ದು ಮದ್ದೂರಿನಲ್ಲಿ, ಸುಧಾಮಣಿ ಎಂಬಾಕೆಯ ಮನೆಯ ಮುಂಗೋಣೆಯಲ್ಲಿ. ಆಕೆ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿದು ಕೊಡುತ್ತಿದ್ದಳು. ನಾನು ಹುಟ್ಟಿದ ದಿನ ಯಾರದೋ ಮದುವೆಯ ರವಿಕೆಯೂ ಮಿಷನ್ನಿಗೆ ಬಂದಿತ್ತು. ಅದಕ್ಕೆ ಲೈನಿಂಗು, ಮಣಿ, ಬೆನ್ನಿಗೆ ಗೊಂಡೆ. ಸುಧಾಮಣಿ ಅದನ್ನು ಮುಟ್ಟುವ ಮುಂಚೆ ಕೈ ತೊಳೆದುಕೊಂಡಳು. ನನ್ನನ್ನು ಕತ್ತರಿಸುವಾಗ ಮಾತ್ರ ಬಾಯಲ್ಲಿ ಕಡಲೆಬೀಜ ಜಗಿಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಒಂದು ಉಪಕಾರ ಮಾಡಿದಳು: ಹೊಲಿಗೆಯ ಒಳಗೆ ಧಾರಾಳವಾಗಿ ಬಟ್ಟೆ ಬಿಟ್ಟಳು. "ಮಕ್ಳು ಬೆಳಿತಾವೆ, ಬಿಚ್ಚಿ ಬಿಚ್ಚಿ ಹೊಲ್ಕೊಬೋದು" ಎಂದು ಅವಳಷ್ಟಕ್ಕೆ ಅವಳೇ ಹೇಳಿಕೊಂಡಳು.

ನಾನು ಬೇಕಾದದ್ದು ಯಾಕೆಂದರೆ, ಅದರ ಹಿಂದಿನ ಬೇಸಿಗೆಯಲ್ಲಿ ಆ ಮನೆಯವರು ಮೊದಲ ಸಲ ವಾಟರ್ ಪಾರ್ಕಿಗೆ ಹೋಗಿದ್ದರು. ಅಲ್ಲಿ ಹತ್ತಿಬಟ್ಟೆ ಹಾಕಿಕೊಂಡವರನ್ನು ನೀರಿಗೆ ಬಿಡುವುದಿಲ್ಲವಂತೆ. ದೊಡ್ಡ ಮಗಳು ಸಿಂಚನಳಿಗೆ ಬಾಡಿಗೆಯ ಈಜುಬಟ್ಟೆ ತೊಡಿಸಬೇಕಾಯಿತು. ಅದು ಇನ್ನೂ ಒದ್ದೆಯಾಗಿತ್ತು, ಕತ್ತಿನ ಹತ್ತಿರ ಯಾರದೋ ಕೂದಲು ಬೇರೆ. "ಮನೇಲಿ ಮಿಷನ್ ಇಟ್ಕೊಂಡು ಬಾಡ್ಗೆ ಬಟ್ಟೆ ಹಾಕುಸ್ಬೇಕಾ?" ಎಂದು ಸುಧಾಮಣಿ ಅವತ್ತೇ ಶಪಥ ಮಾಡಿದಳು. ಈಜುಡುಗೆಯ ಬಟ್ಟೆ ಎಲ್ಲಿ ಸಿಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ನೀರು ಹೀರದ ಬಟ್ಟೆ ತಾನೇ ಎಂದು ಕೊಡೆ ರಿಪೇರಿಯವನ ಹತ್ತಿರ ಹೋಗಿ ನನ್ನನ್ನು ತಂದಳು.

ನನ್ನ ಬದುಕು ವರ್ಷಕ್ಕೊಂದೇ ದಿನ. ಮಿಕ್ಕ ದಿನವೆಲ್ಲ ಬೀರುವಿನ ತಳದಲ್ಲಿ, ಹಳೇ ಬೆಡ್‌ಶೀಟುಗಳ ಕೆಳಗೆ. ಸ್ಕೂಲ್ ಯೂನಿಫಾರಂ ದಿನಾ ಬೆಳಿಗ್ಗೆ ಹೊರಗೆ ಹೋಗಿ ಸಂಜೆ ಬೆವರು, ಇಂಕು, ಸೀಬೆಕಾಯಿಯ ವಾಸನೆ ಹೊತ್ತು ಬರುತ್ತಿತ್ತು. ಅದರ ಬೀಗುವಿಕೆ ನೋಡಬೇಕಿತ್ತು ನೀವು. ಆದರೂ ಆ ಒಂದು ದಿನಕ್ಕೆ ಮಿಕ್ಕ ಬಟ್ಟೆಗಳ ಇಡೀ ವರ್ಷವನ್ನು ಕೊಟ್ಟರೂ ನಾನು ಬದಲಾಯಿಸಿಕೊಳ್ಳುತ್ತಿರಲಿಲ್ಲ.

ಬೇಸಿಗೆ ರಜೆಯ ಒಂದು ದಿನ ಬೆಳಿಗ್ಗೆಯೇ ಒಗ್ಗರಣೆಯ ಘಮ ಬೀರುವಿನವರೆಗೂ ಬರುತ್ತಿತ್ತು. ಪುಳಿಯೋಗರೆ. ಪಾರ್ಕಿನೊಳಗೆ ಹೊರಗಿನ ಊಟ ಬಿಡುವುದಿಲ್ಲ, ಒಳಗಿನದನ್ನು ಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಬಸ್ಸಿಳಿದು, ಗೇಟಿನ ಎದುರಿನ ಹುಣಸೆಮರದ ಕೆಳಗೆ ಕೂತು, ಸಂಜೆಯವರೆಗೆ ಹಸಿವಾಗದಷ್ಟು ತಿಂದು ಒಳಗೆ ಹೋಗುವುದು ಈ ಮನೆಯವರ ಪದ್ಧತಿ. ನಮ್ಮಂತೆ ಅಲ್ಲಿ ಕೂತ ಸಂಸಾರಗಳು ಇನ್ನೂ ಎಷ್ಟೋ ಇರುತ್ತಿದ್ದವು. ಒಬ್ಬರ ಉಪ್ಪಿನಕಾಯಿ ಇನ್ನೊಬ್ಬರ ತಟ್ಟೆಗೆ ಹೋಗುತ್ತಿತ್ತು.

ಮನೆಯ ಯಜಮಾನ ಬೋರೇಶ ಎಳನೀರು ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಿದ್ದ. ಮನೆಯಲ್ಲಿ ಅವನು ನಕ್ಕದ್ದನ್ನು ನಾನು ಕೇಳಿಲ್ಲ. ಅಲೆಯ ಕೊಳದಲ್ಲಿ ಸೈರನ್ ಹೊಡೆದು ನೀರು ಉಬ್ಬಿ ಬರುವಾಗ ಮಾತ್ರ ಅವನು ಬಾಯಿ ತುಂಬ ನಗುತ್ತಿದ್ದ. ಹೆಂಡತಿಯ ಕೈ ಹಿಡಿದು ಎಲ್ಲರೆದುರೇ ನೀರಿಗೆ ಎಳೆಯುತ್ತಿದ್ದ. ಅವಳು "ಬಿಡಿ, ಮಕ್ಳವ್ರೆ" ಎನ್ನುತ್ತ ತಾನೂ ನಗುತ್ತಿದ್ದಳು. ಆ ನಗು ಕೇಳಲೆಂದೇ ಮಕ್ಕಳು ವರ್ಷವೆಲ್ಲ ಕಾಯುತ್ತಿದ್ದರೇನೋ ಅನ್ನಿಸುತ್ತದೆ. ನಾನಂತೂ ಕಾಯುತ್ತಿದ್ದೆ.

ಕೆಲವು ಬೇಸಿಗೆ ನಾನು ಸಿಂಚನಳ ಮೈಮೇಲಿದ್ದೆ. ಆಮೇಲೆ ಅವಳಿಗೆ ಮೈಸೂರಿನಿಂದ ಅಂಗಡಿಯ ಈಜುಡುಗೆ ಬಂತು. ಕಪ್ಪು, ಪಕ್ಕದಲ್ಲಿ ಗುಲಾಬಿ ಪಟ್ಟಿ, ಎಳೆದರೆ ಎಳೆದಷ್ಟು ಬರುತ್ತಿತ್ತು. ಬಂದ ಕೂಡಲೇ ಅದಕ್ಕೆ ಬೀರುವಿನ ಮೇಲಿನ ಹಲಗೆಯಲ್ಲಿ ಜಾಗ. ನನ್ನನ್ನು ಚಿಕ್ಕ ಮಗಳು ದಿವಿಗೆ ಕೊಟ್ಟರು. ಮೊದಮೊದಲು ಅವಮಾನವೆನ್ನಿಸಿತು. ಆದರೆ ದಿವಿ ನನ್ನನ್ನು ತೊಟ್ಟ ದಿನವೇ ಕನ್ನಡಿಯ ಮುಂದೆ ಗಿರಗಿರನೆ ತಿರುಗಿ, "ಕೊಡೆ ಬಿಚ್ದಂಗೆ ಬಿಚ್ಕೊತದೆ ಕಣಮ್ಮ, ಇದು ಅಕ್ಕನ್ದಕ್ಕಿಂತ ಚೆನ್ನಾಗದೆ" ಅಂದಳು. ಅವತ್ತಿನಿಂದ ನಾನು ಅವಳವಳು.

ದಿವಿ ಪಾರ್ಕಿಗೆ ಮನೆಯಿಂದಲೇ ನನ್ನನ್ನು ತೊಟ್ಟು ಹೊರಡುತ್ತಿದ್ದಳು. ಅದಕ್ಕೆ ಕಾರಣವಿತ್ತು. ಟಿಕೆಟ್ ಕೊಡುವ ಕಿಂಡಿಯ ಪಕ್ಕ ಒಂದು ಕಂಬ, ಅದರ ಮೇಲೆ ಕೆಂಪು ಗೆರೆ. ತಲೆ ಗೆರೆಯ ಕೆಳಗಿದ್ದರೆ ಆಫ್ ಟಿಕೆಟ್, ದಾಟಿದರೆ ಫುಲ್. ವಯಸ್ಸನ್ನು ಯಾರೂ ಕೇಳುವುದಿಲ್ಲ. ಪ್ರತಿ ವರ್ಷ ಟಿಕೆಟಿನ ರೇಟು ಏರುತ್ತಿತ್ತು, ಪ್ರತಿ ವರ್ಷ ದಿವಿಯ ತಲೆಯೂ ಗೆರೆಯ ಹತ್ತಿರ ಬರುತ್ತಿತ್ತು. ಕಂಬದ ಮುಂದೆ ನಿಲ್ಲುವಾಗ ಬೋರೇಶ ಅವಳ ಕಿವಿಯಲ್ಲಿ, "ಮಂಡಿ ಒಸಿ ಬಗ್ಸು ಮಗ" ಎನ್ನುತ್ತಿದ್ದ. ನಾನು ಅವಳ ಮೊಣಕಾಲಿನ ಕೆಳಗೂ ಇಳಿಬಿದ್ದಿದ್ದೆ, ಬಗ್ಗಿದ ಮಂಡಿ ಹೊರಗೆ ಕಾಣುತ್ತಿರಲಿಲ್ಲ. ಅಂಗಡಿಯ ಆ ಗಿಡ್ಡ ಈಜುಡುಗೆಯ ಕೈಲಿ ಆಗುವ ಕೆಲಸವೇ ಇದು?

ಒಳಗೆ ಇನ್ನೊಂದು ಕಂಬವಿತ್ತು. 'ಆನೆಸೊಂಡಿಲು' ಎಂಬ ದೊಡ್ಡ ಜಾರುಬಂಡೆಯ ಮೆಟ್ಟಿಲ ಬಳಿ. ಅಲ್ಲಿ ಗೆರೆ ಮುಟ್ಟದವರನ್ನು ಮೇಲೆ ಬಿಡುತ್ತಿರಲಿಲ್ಲ. ಗೇಟಿನಲ್ಲಿ ಮಂಡಿ ಬಗ್ಗಿಸಿದ ದಿವಿಯೇ ಅಲ್ಲಿ ತುದಿಗಾಲ ಮೇಲೆ ನಿಂತು ಕತ್ತು ಚಾಚುತ್ತಿದ್ದಳು. ಕಾವಲಿನವನು ನಗುತ್ತ ಅವಳ ಭುಜ ಅದುಮಿ, "ಬರೋ ವರ್ಷ ಬಾ ಪುಟ್ಟಿ" ಎನ್ನುತ್ತಿದ್ದ. ಅಪ್ಪ, ಅಮ್ಮ, ಸಿಂಚನ ಮೂವರೂ ಒಬ್ಬರ ಸೊಂಟ ಒಬ್ಬರು ಹಿಡಿದು ಕಿರುಚುತ್ತ ಜಾರಿ ಬರುತ್ತಿದ್ದರು. ಆ ಸಾಲಿನ ಕೊನೆಯಲ್ಲಿ ತನಗೊಂದು ಜಾಗವಿದೆ ಎಂದು ದಿವಿ ನಂಬಿದ್ದಳು. ಕೆಳಗೆ ಕಾಯುತ್ತ ನಿಂತಾಗ ಅವಳು ನನ್ನ ಅಂಚನ್ನು ಹಿಂಡುತ್ತಿದ್ದಳು. ಕಪ್ಪು ಈಜುಡುಗೆ ಸೊಂಡಿಲಿನ ಬಾಯಿಂದ ಬಂದು ನೀರಿಗೆ ಬೀಳುವುದನ್ನು ನಾವಿಬ್ಬರೂ ಒಂದೇ ಕಣ್ಣಿನಿಂದ ನೋಡುತ್ತಿದ್ದೆವು. ಹೊಟ್ಟೆ ಉರಿಯುತ್ತಿತ್ತು. ನೀರಲ್ಲಿ ನಿಂತರೂ ಉರಿಯುತ್ತಿತ್ತು.

ಒಂದು ವರ್ಷವೆಲ್ಲ ದಿವಿ ಉದ್ದ ಆಗಲೆಂದು ಬಾಗಿಲ ಚೌಕಟ್ಟಿಗೆ ಜೋತಾಡಿದಳು. ಯಾರೋ ಹೇಳಿದರೆಂದು ಸೊಪ್ಪಿನ ಸಾರನ್ನು ಎರಡೆರಡು ಸಲ ಬಡಿಸಿಕೊಂಡಳು. ಬೇಸಿಗೆ ಬಂತು, ಪಾರ್ಕಿಗೆ ಹೊರಟೆವು. ಗೇಟಿನ ಕಂಬದ ಮುಂದೆ ಬೋರೇಶ ಕಿವಿಯಲ್ಲಿ ಹೇಳಬೇಕಾದ್ದನ್ನು ಹೇಳಿದ. ಆದರೆ ವರ್ಷವಿಡೀ ಬೆಳೆಯಲು ಹೆಣಗಾಡಿದ ಹುಡುಗಿ, ಅಳತೆಯ ಗೆರೆ ಕಂಡ ಕೂಡಲೇ ಎದೆ ಸೆಟೆಸಿ ನಿಂತುಬಿಟ್ಟಳು.

"ಫುಲ್ ಟಿಕೆಟ್" ಎಂದ ಕಿಂಡಿಯವನು.

"ಇನ್ನೂ ನಾಕ್ನೇ ಕ್ಲಾಸು ಕಣಣ್ಣ ಇದು. ಸರ್ಯಾಗಿ ನೋಡಿ" ಎಂದ ಬೋರೇಶ.

"ಕ್ಲಾಸ್ ನೋಡಲ್ಲ ಇಲ್ಲಿ, ಗೆರೆ ನೋಡದು. ಬೇಗ ಹೇಳಿ, ಹಿಂದೆ ಜನ ಅವ್ರೆ."

ಬೋರೇಶ ಜೇಬಿಗೆ ಕೈ ಹಾಕಿ ಹಾಗೇ ನಿಂತ. ರೇಟು ಆ ವರ್ಷ ಮತ್ತೆ ಏರಿತ್ತು. ಸುಧಾಮಣಿ ಅವನ ಮುಖ ನೋಡಿದಳು, ಆಮೇಲೆ ಹಣೆ ಒತ್ತಿಕೊಂಡಳು. "ನಂಗೆ ಬಸ್ಸಲ್ಲೇ ತಲೆನೋವು ಶುರು ಆಗಿತ್ತು. ನೀವ್ ಮೂರು ಜನ ಹೋಗ್ಬನ್ನಿ, ನಾನು ಬ್ಯಾಗ್ ನೋಡ್ಕೊಂಡು ಮರದ್ ಕೆಳಗೆ ಕೂತಿರ್ತೀನಿ" ಅಂದಳು. ಮನೆಯಿಂದ ಅಲ್ಲಿಯವರೆಗೂ ಬಸ್ಸಿನಲ್ಲಿ ಹಾಡು ಗುನುಗುತ್ತ ಬಂದವಳು.

ಒಳಗೆ ಹೋದ ದಿವಿ ನೇರ ಆನೆಸೊಂಡಿಲಿಗೆ ಓಡಿದಳು. ಕಂಬಕ್ಕೆ ಬೆನ್ನು ಕೊಟ್ಟು ನಿಂತಳು. ಗೆರೆಗೂ ತಲೆಗೂ ಮಧ್ಯೆ ಎರಡು ಬೆರಳು ಹಿಡಿಸುವಷ್ಟು ಜಾಗ ಉಳಿದಿತ್ತು. ಗೇಟಿನ ಗೆರೆಯೇ ಬೇರೆ, ಇಲ್ಲಿನ ಗೆರೆಯೇ ಬೇರೆ. ದುಡ್ಡು ಕೀಳುವಾಗ ಅವಳು ದೊಡ್ಡವಳು, ಆಡಿಸುವಾಗ ಚಿಕ್ಕವಳು. ಅವತ್ತು ಬೋರೇಶ ಸೊಂಡಿಲಿಗೂ ಹೋಗಲಿಲ್ಲ, ಅಲೆ ಬಂದಾಗ ನಗಲೂ ಇಲ್ಲ. ಸಂಜೆ ಹೊರಗೆ ಬಂದಾಗ ಸುಧಾಮಣಿ ಮರಕ್ಕೆ ಒರಗಿ, ಬ್ಯಾಗನ್ನು ತಬ್ಬಿಕೊಂಡು ನಿದ್ದೆ ಮಾಡಿದ್ದಳು. ಅವಳ ಸೆರಗಿನ ತುಂಬ ಹುಣಸೆಯ ಎಲೆ ಉದುರಿತ್ತು. ದಿವಿ ಅವುಗಳನ್ನು ಒಂದೊಂದಾಗಿ ಆರಿಸಿದಳು.

ಮುಂದಿನ ಬೇಸಿಗೆಯಲ್ಲಿ ಪುಳಿಯೋಗರೆಯ ಘಮ ಬರಲಿಲ್ಲ. ಬಂದದ್ದು ಗಂಡಹೆಂಡಿರ ಮಾತು.

"ನಾಕೂ ಫುಲ್ ಟಿಕೆಟ್ ಆಯ್ತವೆ ಈಗ. ಬಸ್ ಚಾರ್ಜು ಬ್ಯಾರೆ. ಈ ವರ್ಷ ಬ್ಯಾಡ, ಮುಂದಿನ್ ವರ್ಷ ನೋಡಾಣ" ಎಂದ ಬೋರೇಶ.

ಸುಧಾಮಣಿ ಮಿಷನ್ ತುಳಿಯುತ್ತಲೇ, "ದಿವಿದು ಆಫ್ ಟಿಕೆಟ್ಟಾಗಿದ್ರೆ ಹೆಂಗೋ ಹೋಗ್ಬೋದಿತ್ತು" ಅಂದಳು. ಬೈಗುಳವಲ್ಲ ಅದು, ದೂರೂ ಅಲ್ಲ. ಸುಮ್ಮನೆ ಬಾಯಿಗೆ ಬಂದ ಮಾತು. ಆದರೆ ದಿವಿ ಬೀರುವಿನ ಪಕ್ಕದಲ್ಲೇ ಕೂತು ರಜೆಯ ಹೋಂವರ್ಕ್ ಬರೆಯುತ್ತಿದ್ದಳು. ಅವಳ ಪೆನ್ಸಿಲ್ಲಿನ ಸದ್ದು ನಿಂತದ್ದು ನನಗೆ ಕೇಳಿಸಿತು.

ಆ ಭಾನುವಾರ ಎದುರುಮನೆಯವರು ಪಾರ್ಕಿಗೆ ಹೋಗಿ ಬಂದರು. ಅವರ ಈಜುಡುಗೆಗಳು ತಂತಿಯ ಮೇಲೆ ಸಾಲಾಗಿ ಜೋತು ಬಿದ್ದು ನೀರು ತೊಟ್ಟಿಕ್ಕಿಸುತ್ತಿದ್ದವು. ದಿವಿ ಬೀರುವಿನ ತಳದಿಂದ ನನ್ನನ್ನು ಎಳೆದು ತೊಟ್ಟುಕೊಂಡು ಕಿಟಕಿಯಲ್ಲಿ ನಿಂತಳು. ಎಂಥ ಹೊಟ್ಟೆಯುರಿ ಗೊತ್ತೇ ನಮ್ಮಿಬ್ಬರಿಗೆ? ಅವು ಒದ್ದೆ, ನಾನು ಒಣಗಿದವಳು. ಆ ಮನೆಯ ಮಕ್ಕಳ ಮುಖ ಬಿಸಿಲಿಗೆ ಕಪ್ಪಾಗಿತ್ತು, ದಿವಿಯದು ಹಾಗಿರಲಿಲ್ಲ. ಅವಳು ಕಿಟಕಿ ಬಿಟ್ಟು ಕನ್ನಡಿಯ ಮುಂದೆ ಹೋದಳು. ಮಂಡಿ ಒಂದಿಷ್ಟು ಬಗ್ಗಿಸಿದಳು. ಬೆನ್ನು ಬಾಗಿಸಿದಳು, ಕತ್ತನ್ನು ಭುಜದೊಳಗೆ ಇಳಿಸಿದಳು. ನಾನು ಕಂಕುಳಲ್ಲಿ ಬಿಗಿಯಾಗಿದ್ದವಳು ತುಸು ಸಡಿಲವಾದೆ.

ಅವತ್ತಿನಿಂದ ಅವಳು ನಡೆಯುವುದೇ ಹಾಗಾಯಿತು. ಬೀದಿಗೆ ಹಾಗೇ, ಅಂಗಡಿಗೆ ಹಾಗೇ. ಸೊಪ್ಪಿನ ಸಾರು ಬಡಿಸಿದರೆ ತಟ್ಟೆ ಪಕ್ಕಕ್ಕೆ ಎಳೆದುಕೊಳ್ಳುತ್ತಿದ್ದಳು. "ಯಾಕೆ ಮುದುಕಿ ತರ ಗೂನು ಹಾಕ್ತೀಯೇ?" ಎಂದು ಸಿಂಚನ ಅಣಕಿಸಿದರೂ ನೆಟ್ಟಗಾಗುತ್ತಿರಲಿಲ್ಲ. ಇಡೀ ಮನೆಯಲ್ಲಿ ಸಂತೋಷವಾದದ್ದು ನನಗೊಬ್ಬಳಿಗೆ. ನನ್ನ ಹೊಲಿಗೆಯೊಳಗೆ ಬಿಟ್ಟ ಬಟ್ಟೆಯನ್ನೆಲ್ಲ ಬಿಚ್ಚಿ ಆಗಿತ್ತು, ಇನ್ನು ಕೊಡಲು ಏನೂ ಉಳಿದಿರಲಿಲ್ಲ. ಅವಳು ಬೆಳೆದರೆ ಬೇರೆ ಬಟ್ಟೆಗಳ ಪಾಲಾಗುತ್ತಾಳೆ. ಬಗ್ಗಿಯೇ ಇದ್ದರೆ ನನ್ನವಳಾಗಿಯೇ ಇರುತ್ತಾಳೆ. ಬಗ್ಗು, ಇನ್ನೂ ಬಗ್ಗು ಎಂದು ನಾನು ಮನಸ್ಸಿನಲ್ಲೇ ಹೇಳುತ್ತಿದ್ದೆ.

ಸ್ಕೂಲು ಶುರುವಾಗುವ ಮುಂಚೆ ಸುಧಾಮಣಿ ಹೊಸ ಯೂನಿಫಾರಮ್ಮಿಗೆ ಅಳತೆ ತೆಗೆಯಲು ದಿವಿಯನ್ನು ಕರೆದಳು. ಟೇಪನ್ನು ಭುಜದಿಂದ ಕೆಳಗೆ ಬಿಟ್ಟಳು. ನೋಡಿದಳು. ಮತ್ತೆ ಬಿಟ್ಟಳು. ಹೋದ ವರ್ಷದ ಯೂನಿಫಾರಮ್ಮನ್ನು ತಂದು ಟೇಪಿನ ಪಕ್ಕ ಹಿಡಿದಳು. ಮಗಳ ಅಳತೆ ಹೋದ ವರ್ಷಕ್ಕಿಂತ ಕಮ್ಮಿಯಾಗಿತ್ತು. ಊರಿನ ಹೆಂಗಸರನ್ನೆಲ್ಲ ಅಳೆದವಳು, ದಪ್ಪ ಆದವರನ್ನು ಕಂಡಿದ್ದಳು, ಸಣ್ಣ ಆದವರನ್ನು ಕಂಡಿದ್ದಳು. ಮಕ್ಕಳು ಗಿಡ್ಡ ಆಗುವುದನ್ನು ಮಾತ್ರ ಕಂಡಿರಲಿಲ್ಲ.

"ನೆಟ್ಟಗೆ ನಿಂತ್ಕೊಳೆ."

"ನಿಂತಿದೀನಿ ಕಣಮ್ಮ."

"ಇದ್ಯಾವ ನಿಲ್ಲದು? ಏನಾಗದೆ ಬೆನ್ನಿಗೆ?"

ದಿವಿ ಅಂಗಿಯ ಗುಂಡಿ ಬಿಚ್ಚಿದಳು. ಒಳಗೆ ನಾನಿದ್ದೆ, ನೇರಳೆ ಬಣ್ಣ, ಬಿಳಿ ಚುಕ್ಕೆ. ಅವಳ ಮುಖದಲ್ಲಿ ಹೆಮ್ಮೆ ಇತ್ತು. "ನೋಡು, ಇನ್ನೂ ಆಯ್ತದೆ ಇದು. ಇನ್ನೊಂಚೂರು ಬಗ್ಗಿದ್ರೆ ಗೆರೆ ಕೆಳಗೆ ಬರ್ತೀನಿ. ಆಫ್ ಟಿಕೆಟ್ ಆದ್ರೆ ನೀನೂ ಒಳಗೆ ಬರ್ಬೋದಲ್ವ ಅಮ್ಮ?"

ಸುಧಾಮಣಿ ಟೇಪನ್ನು ಮಿಷನ್ನಿನ ಮೇಲೆ ಇಟ್ಟಳು. ಮಗಳ ಬೆನ್ನನ್ನು ಬಾಗಿಲಿಗೆ ಒತ್ತಿ, ಎರಡೂ ಭುಜ ಹಿಡಿದು ಹಿಂದಕ್ಕೆ ಎಳೆದಳು. ಗದ್ದ ಹಿಡಿದು ಮೇಲೆತ್ತಿದಳು. ದಿವಿ ಉದ್ದವಾದಳು, ಮತ್ತೂ ಉದ್ದವಾದಳು. ಎಷ್ಟು ಬೆಳೆದಿದ್ದಳು ಆ ಹುಡುಗಿ, ನನಗೇ ಗೊತ್ತಿರಲಿಲ್ಲ. ನಾನು ಕೈಲಾದಷ್ಟು ಹಿಡಿದುಕೊಂಡೆ. ಆಮೇಲೆ ಭುಜದ ಹತ್ತಿರ ಪರ್ರನೆ ಬಿಟ್ಟುಕೊಂಡೆ.

"ಅಮ್ಮ, ಫ್ರಾಕು ಹರೀತು."

"ಹರೀಲಿ ಬಿಡು" ಎಂದಳು ಸುಧಾಮಣಿ. "ಪಾರ್ಕು ಹಾಳಾಗೋಗ್ಲಿ. ನನ್ ಮಗಳು ಯಾವನ ಮುಂದೂ ಬಗ್ಗಿ ನಿಂತ್ಕೊಬ್ಯಾಡ. ನಾವೇ ಕಲಿಸ್ಕೊಟ್ವಲ್ಲ ನಿಂಗೆ ಇದ್ನ."

ಅವರು ಆಮೇಲೆ ಪಾರ್ಕಿಗೆ ಹೋಗಲಿಲ್ಲ. ಕೆಲವು ವರ್ಷ ಬೋರೇಶ "ಮುಂದಿನ್ ವರ್ಷ ನೋಡಾಣ" ಎನ್ನುತ್ತಿದ್ದ, ಒಂದು ಬೇಸಿಗೆಯಲ್ಲಿ ಅದನ್ನೂ ಹೇಳುವುದು ನಿಲ್ಲಿಸಿದ. ಯಾರೂ ಕೇಳಲಿಲ್ಲ. ದಿವಿ ಆನೆಸೊಂಡಿಲಿನಲ್ಲಿ ಕೊನೆಗೂ ಜಾರಲಿಲ್ಲ. ಅದರ ಸಂಕಟ ನನಗೆ ಇನ್ನೂ ಇದೆ, ಇಲ್ಲ ಎಂದರೆ ಸುಳ್ಳಾಗುತ್ತದೆ. ಅಲ್ಲಿ ಈಗಲೂ ಯಾರ್ಯಾರದೋ ಉಡುಗೆಗಳು ಕಿರುಚುತ್ತ ನೀರಿಗೆ ಬೀಳುತ್ತಿರುತ್ತವೆ ಎಂದು ನೆನೆದರೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತದೆ.

ಸುಧಾಮಣಿ ನನ್ನನ್ನು ಎಸೆಯಲಿಲ್ಲ. ತುಂಡು ತುಂಡು ಮಾಡಿ, ಮಿಕ್ಕ ಚೂರುಬಟ್ಟೆಗಳ ಜೊತೆ ಒಂದು ದಿಂಬಿಗೆ ತುಂಬಿದಳು. ಆ ದಿಂಬು ದಿವಿಯದು. ಅವಳೀಗ ಕಾಲೇಜಿಗೆ ಹೋಗುತ್ತಾಳೆ, ಮನೆಯಲ್ಲಿ ಎಲ್ಲರಿಗಿಂತ ಉದ್ದ. ಮಲಗಿದಾಗ ಕೈಕಾಲು ಪೂರ್ತಿ ಚಾಚಿಬಿಡುತ್ತಾಳೆ, ಪಾದ ಚಾಪೆಯ ತುದಿ ಮುಟ್ಟುತ್ತದೆ. ನನಗೆ ಸಿಗುವುದು ಅವಳ ತಲೆ ಮಾತ್ರ. ಆ ಚಾಪೆ ನೋಡಿ, ಎಂಥ ಅದೃಷ್ಟ ಅದರದು, ಭುಜದಿಂದ ಹಿಮ್ಮಡಿಯವರೆಗೆ ಅವಳು ಎಷ್ಟು ಬೆಳೆದಿದ್ದಾಳೋ ಅಷ್ಟೂ ಅದರ ಪಾಲಿಗೆ.