ಕಂಬವಿಲ್ಲದ ಪೋರ್ಚಿನ ಕೆಳಗೆ

ನನ್ನ ಸೊಸೆ ಭಾಗ್ಯಾ ಇನ್ನು ಬುಟ್ಟಿ ಹೊರುವುದಿಲ್ಲ ಎಂದ ದಿನ ನಾನು ಅವಳ ಜೊತೆ ಮಾತು ಬಿಟ್ಟೆ. ಪೂರ್ತಿ ಬಿಟ್ಟೆ ಅಂತಲ್ಲ, ಬೈಯುವುದನ್ನು ಮುಂದುವರಿಸಿದ್ದೆ. ಇಬ್ಬರೂ ದಿನಾ ಒಂದೇ ಟಂಟಂ ರಿಕ್ಷಾದಲ್ಲಿ ಕೊಣ್ಣೂರಿನಿಂದ ಕೆಲಸಕ್ಕೆ ಹೋಗುವವರು. ಅಷ್ಟು ದಾರಿ ಬಾಯಿ ಮುಚ್ಚಿಕೊಂಡು ಕೂಡುವುದು ಈ ಯಮನವ್ವನಿಂದ ಆಗುವ ಮಾತಲ್ಲ.

ನಾವು ಕುರುಬರು. ಮಗ ಮಾಲಿಂಗ ಕುರಿ ಹೊಡೆದುಕೊಂಡು ಹೋದನೆಂದರೆ ತಿಂಗಳುಗಟ್ಟಲೆ ಮನೆ ಕಡೆ ಬರುವುದಿಲ್ಲ. ಉಳಿದ ನಾವಿಬ್ಬರು ಹೆಂಗಸರು ಕಟ್ಟಡದ ಕೆಲಸಕ್ಕೆ ಹೋಗುತ್ತೇವೆ. ಸ್ಲ್ಯಾಬ್ ಹಾಕುವ ದಿನ ಕಾಂಕ್ರೀಟ್ ತುಂಬಿದ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು ಮೇಲಕ್ಕೆ ಮುಟ್ಟಿಸುವುದು ನಮ್ಮ ಪಾಲಿನ ಕೆಲಸ. ಗೋಕಾಕದಲ್ಲಿ, ಮೂಡಲಗಿಯಲ್ಲಿ ನಾನು ಹೊತ್ತ ಕಾಂಕ್ರೀಟಿನ ಕೆಳಗೆ ಎಷ್ಟೋ ಜನ ಈಗ ಫ್ಯಾನು ಹಾಕಿಕೊಂಡು ಮಲಗಿದ್ದಾರೆ. ಆ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

“ಅತ್ತಿ, ನನ್ನ ಕುತ್ತಿಗಿ ಹೋತ್ರಿ. ಸಾಯೂತನಕಾ ಬುಟ್ಟಿ ಹೊರಾಕ ನನ್ನ ಕಡೆ ಆಗಂಗಿಲ್ಲ. ಕಾಶಿನಾಥ ಮಿಸ್ತ್ರಿ ಕಡೆ ಸೆಂಟ್ರಿಂಗ್ ಕಲೀತೇನಿ” ಎಂದಳು ಭಾಗ್ಯಾ.

“ಹಂಗಾರ ನಾ ಇಷ್ಟು ವರ್ಷ ಹೊತ್ತದ್ದು ಹುಚ್ಚತನ ಏನ?”

“ನಾ ಹಂಗ ಅಂದ್ನೇನ್ರಿ?”

ಅನ್ನಲಿಲ್ಲ, ನಿಜ. ನನಗೆ ಮಾತ್ರ ಹಾಗೇ ಕೇಳಿಸಿತು.

ಹಸಿ ಕಾಂಕ್ರೀಟಿಗೆ ತಾನೇ ನಿಲ್ಲುವ ಶಕ್ತಿ ಇರುವುದಿಲ್ಲ. ಅದು ಗಟ್ಟಿಯಾಗುವವರೆಗೆ ಕೆಳಗೆ ಹಲಗೆ ಹಾಸಿ, ಹಲಗೆಗೆ ಆಸರೆಯಾಗಿ ಬಲ್ಲಿಗಳನ್ನು, ಅಂದರೆ ನೀಲಗಿರಿಯ ಗಳಗಳನ್ನು, ಸಾಲಾಗಿ ನಿಲ್ಲಿಸಿ, ಒಂದೊಂದರ ಬುಡಕ್ಕೂ ಬೆಣೆ ಹೊಡೆದು ಬಿಗಿ ಮಾಡಬೇಕು. ಈ ಮರಗೆಲಸವೇ ಸೆಂಟ್ರಿಂಗ್. ದೊಡ್ಡ ಶಹರಗಳಲ್ಲಿ ಈಗ ಎಲ್ಲಾ ಕಬ್ಬಿಣದ್ದಂತೆ. ಕಾಶಿನಾಥ ಮಿಸ್ತ್ರಿ ಹುಕ್ಕೇರಿಯ ಬಡಿಗ. ಅವನಿಗೆ ಕಟ್ಟಿಗೆಯೇ ಆಗಬೇಕು. ಕಬ್ಬಿಣ ಮಾತಾಡುವುದಿಲ್ಲ ಎನ್ನುತ್ತಿದ್ದ. ಕಟ್ಟಿಗೆ ಮಾತಾಡುತ್ತದೆಯೇ ಎಂದು ನಾನು ನಗುತ್ತಿದ್ದೆ.

ಮೊದಮೊದಲು ಅವನು ಭಾಗ್ಯಾಳಿಗೆ ಹಳೆಯ ಹಲಗೆಗಳ ಮೊಳೆ ಕೀಳಲು ಹಚ್ಚಿದ. ಬೇಸತ್ತು ಬಿಡುತ್ತಾಳೆ ಎಂದುಕೊಂಡೆ, ಬಿಡಲಿಲ್ಲ. ಆಮೇಲೆ ನೀರು ತುಂಬಿದ ಪೈಪು ಹಿಡಿದು ಈ ಗೋಡೆಯಿಂದ ಆ ಗೋಡೆಗೆ ಮಟ್ಟ ನೋಡುವುದು, ಓಳಂಬದ ಗುಂಡು ಇಳಿಬಿಟ್ಟು ಬಲ್ಲಿ ನೆಟ್ಟಗಿದೆಯೋ ಇಲ್ಲವೋ ಹೇಳುವುದು ಬಂತು. ದಾರದಲ್ಲಿ ಒಂದು ಕಡೆ ಮೂರು ಅಡಿ, ಇನ್ನೊಂದು ಕಡೆ ನಾಲ್ಕು ಅಳೆದು, ಅಡ್ಡಲಾಗಿ ಐದು ಬಂದರೆ ಮೂಲೆ ಸರಿಯಿದೆ ಎಂಬ ಲೆಕ್ಕ ಬಂತು. ಆ ದಾರವನ್ನು ಮನೆಗೂ ತಂದು ನನ್ನ ಅಡುಗೆಮನೆ ಅಳೆದಳು.

“ಅತ್ತಿ, ಈ ಮೂಲಿ ಸರಿ ಇಲ್ರಿ. ಸ್ವಲ್ಪ ಹೊರಗ ಹೋಗೇತಿ.”

“ರೊಟ್ಟಿ ದುಂಡಗ ಬರಾಕತ್ತಾವ ಇಲ್ಲ? ಸುಮ್ಮ ಉಣ್ಣು” ಎಂದೆ.

ನನಗೆ ಎಲ್ಲಕ್ಕಿಂತ ವಿಚಿತ್ರವಾಗಿ ಕಂಡದ್ದು ಅವಳು ಬಲ್ಲಿಗಳನ್ನು ಬಡಿದು ಕೇಳುವುದು. ಸುತ್ತಿಗೆಯಿಂದ ಒಂದು ಬಲ್ಲಿಗೆ ಮೆಲ್ಲಗೆ ಹೊಡೆಯುವಳು, ತಲೆ ಓರೆ ಮಾಡಿ ನಿಲ್ಲುವಳು, ಮುಂದಿನದಕ್ಕೆ ಹೋಗುವಳು. ಭಾರ ಹೊತ್ತ ಬಲ್ಲಿ ಟಣ್ ಎನ್ನುತ್ತದಂತೆ, ಭಾರವಿಲ್ಲದ್ದು ಬೊದ್ದೆನ್ನುತ್ತದಂತೆ. ಹಿಂಡಿನಲ್ಲಿ ಕೆಮ್ಮಿದ ಕುರಿ ಯಾವುದೆಂದು ಕತ್ತಲಲ್ಲೂ ಹೇಳುವ ಮಂದಿ ನಾವು, ಅದು ನನಗೂ ಗೊತ್ತು. ಆದರೆ ಕುರಿಗೆ ಜೀವವಿದೆ. ಒಣಗಿದ ನೀಲಗಿರಿ ಕಟ್ಟಿಗೆಯ ಹತ್ತಿರ ಇವಳಿಗೆ ಏನು ಮಾತು? ಉಳಿದ ಹೆಂಗಸರ ಎದುರು ಅವಳ ಹಾಗೆ ತಲೆ ಓರೆ ಮಾಡಿ ತೋರಿಸಿ ಎಷ್ಟು ಸಲ ನಗಿಸಿದ್ದೇನೋ.

ಮೂಡಲಗಿಯಲ್ಲಿ ಅಣ್ಣಾಸಾಹೇಬರು ಎಂಬ ವ್ಯಾಪಾರಸ್ಥರು ಮಂಗಲ ಕಾರ್ಯಾಲಯ ಕಟ್ಟಿಸುತ್ತಿದ್ದರು. ಅದರ ಬಾಗಿಲ ಮುಂದೆ ದೊಡ್ಡ ಪೋರ್ಚು. ಮದುವೆಯ ಕಾರುಗಳು ತಿರುಗಿಸಲಿಕ್ಕೆ ಅಡ್ಡಿಯಾಗಬಾರದೆಂದು ಅದಕ್ಕೆ ಒಂದೂ ಕಂಬವಿಲ್ಲ. ಗೋಡೆಯಿಂದ ಮುಂದೆ ಚಾಚಿದ ಕೈಯ ಹಾಗೆ ಅದು ಗಾಳಿಯಲ್ಲೇ ನಿಲ್ಲಬೇಕು. ಕಾಶಿನಾಥ ಮಿಸ್ತ್ರಿ ಎಲ್ಲರ ಮುಂದೆಯೇ ಹೇಳಿಬಿಟ್ಟ:

“ಭಾಗ್ಯಾ, ಈ ಪೋರ್ಚ್ ನಿಂದು. ಸೆಂಟ್ರಿಂಗ್ ನಿಲ್ಸಾಕಿನೂ ನೀನ, ಬಿಚ್ಚಾಕಿನೂ ನೀನ. ಸರಿಯಾತಂದ್ರ ಸಂಕೇಶ್ವರದ ಕೆಲಸಕ್ಕ ನೀನ ಮಿಸ್ತ್ರಿ. ತಪ್ಪೀತಂದ್ರ ಮತ್ತ ನಿನ್ನ ಬುಟ್ಟಿ ನಿನಗ.”

ನಿಲ್ಲಿಸುವುದು ಕಷ್ಟವಿರಬಹುದು, ಬಿಚ್ಚುವುದರಲ್ಲಿ ಏನು ವಿದ್ಯೆ ಎಂದು ನಾನು ಕೇಳಿದೆ. ಮಿಸ್ತ್ರಿ ನನ್ನ ಮುಖ ನೋಡಿದ. “ಯಮನವ್ವಾ, ಖೋಲಿ ಸ್ಲ್ಯಾಬ್ ಇದ್ರ ನಡುವಿನ ಬಲ್ಲಿ ಮೊದಲ ತಗೀಬೇಕು. ಪೋರ್ಚ್ ಇದ್ರ ಹೊರಗಿನ ಅಂಚಿಂದ ಗ್ವಾಡಿ ಕಡೆ ಬರಬೇಕು.”

“ಉಲ್ಟಾ ತಗದ್ರ?”

“ಉಲ್ಟಾ ತಗದಾವ್ರು ಹೇಳಾಕ ಉಳಿಯಂಗಿಲ್ಲ.”

ಅವತ್ತಿನಿಂದ ನನಗೆ ಭಯ ಹತ್ತಿತು. ಅವಳು ಸೋತು ಬುಟ್ಟಿಗೆ ವಾಪಸು ಬರಲಿ ಎಂದು ಅಲ್ಲಿಯವರೆಗೆ ಬಯಸಿದವಳು ನಾನೇ. ಆದರೆ ಅವಳು ಸೋಲುವುದೆಂದರೆ ಆ ಕಲ್ಲಿನಂಥ ಭಾರ ಅವಳ ಮೇಲೆ ಬೀಳುವುದು ಎಂದು ನನಗೆ ಹೊಳೆದಿರಲಿಲ್ಲ.

ಕಾಂಕ್ರೀಟ್ ಹಾಕಿ, ವಾರಗಟ್ಟಲೆ ನೀರು ಹೊಡೆದು, ಬಿಚ್ಚುವ ದಿನ ಬಂತು. ಅಣ್ಣಾಸಾಹೇಬರ ಬೀಗರು ಮರುದಿನ ಕಾರ್ಯಾಲಯ ನೋಡಲು ಬರುವವರಿದ್ದರು. ಹೀಗಾಗಿ ಮುಕಾದಮ ಸತ್ತೆಪ್ಪ ಹಿಂದಿನ ಸಂಜೆಯೇ ನಮ್ಮನ್ನು ಹಚ್ಚಿ ಅಂಗಳವನ್ನೆಲ್ಲ ಸ್ವಚ್ಛ ಮಾಡಿಸಿದ್ದ. ಬೆಳಿಗ್ಗೆ ಅವನು ಮೊಬೈಲು ಕಿವಿಗೆ ಹಚ್ಚಿಕೊಂಡೇ “ಲಗೂನ ಆಗ್ಲಿ, ಲಗೂನ ಆಗ್ಲಿ” ಎನ್ನುತ್ತಿದ್ದ. ಕಾಶಿನಾಥ ಮಿಸ್ತ್ರಿ ಒಂದು ಕಡೆ ಕುಳಿತು ಎಲೆ ಅಡಿಕೆ ಹಾಕಿಕೊಂಡ.

ಭಾಗ್ಯಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಪೋರ್ಚಿನ ಕೆಳಗೆ ಹೋದಳು. ಬೆಣೆಗೆ ಕೈ ಹಾಕಲಿಲ್ಲ. ಹೊರಗಿನ ಸಾಲಿನ ಬಲ್ಲಿಗಳನ್ನು ಬಲಗಡೆಯಿಂದ ಒಂದೊಂದಾಗಿ ಬಡಿಯುತ್ತಾ ಬಂದಳು. ಎಲ್ಲ ಒಂದೇ ದನಿ. ಎಡ ಮೂಲೆಗೆ ಬಂದಾಗ ನಿಂತಳು. ಮತ್ತೊಮ್ಮೆ ಬಡಿದಳು. ಹಿಂದಕ್ಕೆ ಹೋಗಿ ಇನ್ನೊಂದನ್ನು ಬಡಿದು ಮತ್ತೆ ಮೂಲೆಗೆ ಬಂದಳು. ಈ ಸಲ ನಗಬೇಕೆಂದು ನನಗೆ ಅನ್ನಿಸಲಿಲ್ಲ.

“ಬಿಚ್ಚಂಗಿಲ್ಲ” ಎಂದಳು.

ಸತ್ತೆಪ್ಪ ಮೊಬೈಲು ಕೆಳಗಿಳಿಸಿದ. “ಯಾಕ?”

“ಈ ಮೂಲಿ ಬಲ್ಲಿ ಬಾಳ ಬಿಗಿ ಅದಾವು. ಇದು ಕಾಂಕ್ರೀಟಿನ ಭಾರ ಅಲ್ಲ. ಮ್ಯಾಲೆ ಏನೋ ಇಟ್ಟಾರ. ಇಲ್ಲೆ, ಅಂಚಿಗೆ.”

ಅವಳು ಬೆರಳು ಮಾಡಿ ತೋರಿಸಿದ ಜಾಗ ನೋಡಿದಾಗಲೇ ನನಗೆ ನೆನಪಾಯಿತು. ಅಂಗಳದಲ್ಲಿ ಬಿದ್ದಿದ್ದ, ನೆಲಕ್ಕೆ ಹಾಸುವ ಫರಸಿ ತುಂಬಿದ ಡಬ್ಬಿಗಳನ್ನು ಹಿಂದಿನ ಸಂಜೆ ನಾವು ಹೆಂಗಸರು ಮೇಲಿನ ಕಿಟಕಿಯಿಂದ ದಾಟಿಸಿ ಪೋರ್ಚಿನ ಮೇಲೆ ಒಟ್ಟಿ ತಾಡಪತ್ರಿ ಹೊದಿಸಿದ್ದೆವು. ಸರಿಯಾಗಿ ಆ ಎಡ ಮೂಲೆಯಲ್ಲಿ! ಪೋರ್ಚಿನ ಅಂಚಿಗೆ ಸೊಂಟದೆತ್ತರದ ಗೋಡೆಪಟ್ಟಿ ಇರುವುದರಿಂದ ಕೆಳಗಿನಿಂದ ಅದು ಯಾರಿಗೂ ಕಾಣುವಂತಿರಲಿಲ್ಲ. ಭಾಗ್ಯಾ ಆ ಸಂಜೆ ಕೆಲಸಕ್ಕೆ ಬಂದೇ ಇರಲಿಲ್ಲ, ಗೋಕಾಕದ ಸಂತೆಗೆ ಹೋಗಿದ್ದಳು.

“ನಾವ ಇಟ್ಟೇವಿ” ಎಂದೆ.

ಕಾಶಿನಾಥ ಮಿಸ್ತ್ರಿ ಎದ್ದು ಬಂದು ತಾನೂ ಬಡಿದು ನೋಡಿದ. “ಖರೆ ಐತಿ” ಎಂದಷ್ಟೇ ಹೇಳಿದ. ಆಸರೆ ತೆಗೆದ ಮೇಲೆ ಆ ಭಾರ ತುದಿಯಲ್ಲಿ ಕೂತು ಎಳೆದಿದ್ದರೆ ಪೋರ್ಚು ಗೋಡೆಯ ಹತ್ತಿರ ಬಿರುಕು ಬಿಡುತ್ತಿತ್ತು, ಅದರ ಕೆಳಗೆ ನನ್ನ ಸೊಸೆ ಇರುತ್ತಿದ್ದಳು. ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಲಿಲ್ಲ.

ನಾವೆಲ್ಲ ಮೇಲೆ ಓಡಿದೆವು. ಡಬ್ಬಿಗಳನ್ನು ಒಂದೊಂದಾಗಿ ಕಿಟಕಿಯೊಳಗೆ ಕೊಟ್ಟೆವು. ಕಿಟಕಿಯ ಹೊರಗೆ ಕಡೆಯವಳಾಗಿ ಉಳಿದದ್ದು ನಾನು. ಕೊನೆಯ ಡಬ್ಬಿ ದಾಟಿಸುವಷ್ಟರಲ್ಲಿ ದಣಿದಿದ್ದೆ. ಅಲ್ಲೇ ಮೂಲೆಯಲ್ಲಿ, ಪಟ್ಟಿಗೆ ಬೆನ್ನು ಹಚ್ಚಿ ದೊಪ್ಪನೆ ಕುಳಿತೆ. “ಆತು, ಖಾಲಿ ಆತು!” ಎಂದು ಕೂಗಿದೆ. ನನ್ನ ಕೆಳಗೆ ಎಲ್ಲೋ ಸುತ್ತಿಗೆಯ ಸದ್ದು ಕೇಳಿಸಿತು. ಟಣ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು.

“ಖಾಲಿ ಆಗಿಲ್ರಿ” ಎಂದು ಭಾಗ್ಯಾಳ ದನಿ ಬಂತು. “ಮೂಲ್ಯಾಗ ಯಾರೋ ಕುಂತಾರ. ಏಳ್ರಿ.”

ನಾನು ಪಟ್ಟಿಯ ಹಿಂದೆ ಇದ್ದೆ. ಕೆಳಗಿನ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಅಷ್ಟು ದಪ್ಪನೆಯ ಕಾಂಕ್ರೀಟು, ಅದರ ಕೆಳಗೆ ಹಲಗೆ, ಹಲಗೆಯ ಕೆಳಗೆ ಬಲ್ಲಿ. ಇದೆಲ್ಲ ದಾಟಿಕೊಂಡು ಈ ಮುದುಕಿಯ ಮೈಭಾರ ಆ ಹುಡುಗಿಯ ಕಿವಿಗೆ ಹೋಗಿ ಮುಟ್ಟಿತ್ತು. ನನಗೆ ಮೈಮೇಲೆ ಮುಳ್ಳೆದ್ದವು. ದೇವರ ಗುಡಿಯಲ್ಲಿ ಬಾಗಿಲು ತೆರೆದಾಗ ಹಾಗಾಗುತ್ತದೆ ನನಗೆ. ಇಲ್ಲಿ ಸಿಮೆಂಟಿನ ಧೂಳು ಬಿಟ್ಟರೆ ಬೇರೇನೂ ಇರಲಿಲ್ಲ, ಆದರೂ ಆಯಿತು. ಎದ್ದು ನಿಂತೆ. ಕಿಟಕಿಯೊಳಗೆ ಕಾಲಿಟ್ಟ ಕೂಡಲೇ ಮತ್ತೆ ಸುತ್ತಿಗೆಯ ಸದ್ದು.

“ಈಗ ಆತು” ಎಂದಳು.

ಕೆಳಗೆ ಬರುವಷ್ಟರಲ್ಲಿ ಅವಳು ಹೊರಗಿನ ಸಾಲು ಬಿಚ್ಚಲು ಶುರು ಮಾಡಿದ್ದಳು. ಬೆಣೆಗೆ ಒಂದೇಟು, ಬಲ್ಲಿ ಸಡಿಲ. ಕೂಡಲೇ ಪಕ್ಕದ್ದನ್ನು ಬಡಿದು ಕೇಳುವಳು. ತಾನು ತೆಗೆದ ಬಲ್ಲಿಯ ಭಾರ ಪಕ್ಕದ್ದರ ಮೇಲೆ ಹೋಗಿ ಬಿತ್ತೋ, ಅಥವಾ ಪೋರ್ಚು ತಾನೇ ಹೊತ್ತುಕೊಂಡಿತೋ ಎಂದು ಹಾಗೆ ತಿಳಿಯುತ್ತದಂತೆ. ತಲೆ ಆಡಿಸಿ ಮುಂದಿನದಕ್ಕೆ ಹೋಗುವಳು. ಅವಸರವಿಲ್ಲ, ಗಡಿಬಿಡಿಯಿಲ್ಲ. ಸಾಲು ಮುಗಿದ ಹಾಗೆ ಮಿಸ್ತ್ರಿಯ ಜನ ಹಲಗೆ ಕಿತ್ತು ಹೊರಗೆ ಸಾಗಿಸುತ್ತಿದ್ದರು. ಸತ್ತೆಪ್ಪ ಕೂಡ ಮೊಬೈಲು ಕಿಸೆಗೆ ಹಾಕಿ ಅವಳನ್ನೇ ನೋಡುತ್ತಿದ್ದ. ದಿನಾ ನನ್ನ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯುವ ಹೆಣ್ಣು ಇವಳೇ ಏನು ಎಂದು ನಾನು ನೋಡುತ್ತಲೇ ಇದ್ದೆ.

ಗೋಡೆಯ ಹತ್ತಿರದ ಒಂದೇ ಬಲ್ಲಿ ಉಳಿದಾಗ ಕಾಶಿನಾಥ ಮಿಸ್ತ್ರಿ “ಎಲ್ಲಾರೂ ಹೊರಗ ಬರ್ರಿ” ಎಂದು ತಾನೂ ಹೊರಗೆ ಬಂದ. ಕೊನೆಯ ಬಲ್ಲಿಯನ್ನು ಸೆಂಟ್ರಿಂಗ್ ಮಾಡಿದವರೇ, ಒಬ್ಬರೇ ಕೆಳಗೆ ನಿಂತು ತೆಗೆಯಬೇಕು. ಅದು ಅವನ ಗುಂಪಿನ ರೂಢಿ. ಎಂಥ ಕೆಟ್ಟ ರೂಢಿಯಪ್ಪಾ! ನಾನು ಒಳಗೆ ಹೋಗಿ ಭಾಗ್ಯಾಳ ಬಾಜೂಕ್ಕೆ ನಿಂತೆ.

“ಅತ್ತಿ, ಹೊರಗ ನಡೀರಿ.”

“ನಾ ಹೋಗಂಗಿಲ್ಲ. ಬಿದ್ರ ಇಬ್ರ ಮ್ಯಾಲೂ ಬೀಳ್ಲಿ. ನಾಳೆ ಮಾಲಿಂಗಗ ಏನಂತ ಮಾರಿ ತೋರಸ್ಲಿ?”

“ಬೀಳಂಗಿಲ್ಲ. ಇಲ್ಲೆ ನಾ ಹೇಳಿದಂಗ ಕೇಳಬೇಕು. ನಡೀರಿ ಹೊರಗ.”

ದನಿ ಎತ್ತರಿಸಲಿಲ್ಲ. ನನ್ನ ಮನೆಗೆ ಬಂದಾಗಿನಿಂದ ಅವಳು ನನಗೆ ಹೀಗೆ ಹೇಳಿದ್ದಿಲ್ಲ. ನನ್ನ ಗಂಡ ಬದುಕಿದ್ದಾಗ ಅವನೂ ಹೇಳಿ ದಕ್ಕಿಸಿಕೊಂಡದ್ದಿಲ್ಲ. ನಾನು ಹೊರಗೆ ಬಂದೆ.

ಅವಳು ಬಲ್ಲಿಗೆ ಕಿವಿ ಹಚ್ಚಿ ಬಡಿದಳು. ಅದರ ಬೊದ್ದೆಂಬ ದನಿ ನನಗೂ ಕೇಳಿಸಿತು. ಬೆಣೆಗೆ ಒಂದೇಟು ಹಾಕಿದಳು. ಬಲ್ಲಿ ವಾಲಿತು. ಅದನ್ನು ಬೀಳಲು ಬಿಡದೆ ಎರಡೂ ಕೈಯಿಂದ ತಬ್ಬಿ ಹಿಡಿದು ಮೆಲ್ಲಗೆ ನೆಲಕ್ಕೆ ಮಲಗಿಸಿದಳು. ಆಮೇಲೆ ಬರಿಗೈಯಲ್ಲಿ ನಡುವೆ ಬಂದು ಮೇಲೆ ನೋಡುತ್ತಾ ನಿಂತಳು.

ಏನೂ ಆಗಲಿಲ್ಲ. ಏನೂ ಆಗದೆ ಇರುವುದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂದದ್ದು ಅದೇ ಮೊದಲು. ಕಾಶಿನಾಥ ಮಿಸ್ತ್ರಿ ಎಲೆ ಅಡಿಕೆ ಉಗುಳಿ ಬಾಯಿ ಒರೆಸಿಕೊಂಡ. “ಸೋಮವಾರ ಸಂಕೇಶ್ವರಕ್ಕ ನಾ ಬರಂಗಿಲ್ಲ. ಜನ ನಿನ್ನ ಕೈಯಾಗ” ಎಂದ.

“ಈಗ ಬರ್ರಿ ಅತ್ತಿ” ಎಂದು ಭಾಗ್ಯಾ ಕರೆದಳು.

ಕಾಲು ಮುಂದೆ ಬರಲಿಲ್ಲ. ಬೈದುಕೊಂಡು ಎಳೆದು ತಂದೆ. ಪೋರ್ಚಿನ ಕೆಳಗೆ ಅವಳ ಪಕ್ಕದಲ್ಲಿ ನಿಂತು ತಲೆ ಎತ್ತಿದೆ. ನಾವು ಹೊತ್ತು ಹಾಕಿದ ಬುಟ್ಟಿ ಬುಟ್ಟಿ ಕಾಂಕ್ರೀಟೂ ಅಲ್ಲಿತ್ತು, ನನ್ನ ತಲೆಯ ಮೇಲೆಯೇ ಇತ್ತು. ಅದನ್ನು ನಾನು ಹೊತ್ತಿರಲಿಲ್ಲ. ಬಲ್ಲಿಯೂ ಹೊತ್ತಿರಲಿಲ್ಲ. ನೆತ್ತಿಯ ಮೇಲೆ ಕೈ ಇಟ್ಟು ನೋಡಿಕೊಂಡೆ. ಬರೀ ಕೂದಲಿತ್ತು.

“ಭಾಗ್ಯಾ, ಸಂಕೇಶ್ವರದಾಗ ನನಗೂ ಕಲಸ್ತಿ ಏನ?” ಎಂದೆ.

ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ. ನೆಲದ ಮೇಲಿದ್ದ ಸುತ್ತಿಗೆಯನ್ನು ಎತ್ತಿ ನನ್ನ ಕೈಗೆ ಕೊಟ್ಟಳು.

“ಸೋಮವಾರ ಲಗೂನ ಏಳ್ರಿ” ಎಂದಳು.